ನೆರವಿನ ವಾಸ: ಹಿರಿಯರಿಗಾಗಿ ಅಸಿಸ್ಟೆಡ್ ಲಿವಿಂಗ್ ಆರಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಸಿಸ್ಟೆಡ್ ಲಿವಿಂಗ್ ಎಂಬ ಮಾತು ಬಹಳಷ್ಟು ಕುಟುಂಬಗಳ ಕಿವಿಗೆ ಮೊದಲು ಬೀಳುವುದು ಆಸ್ಪತ್ರೆಯ ವರಾಂಡದಲ್ಲಿ. ಸೊಂಟದ ಮೂಳೆ ಮುರಿದ ತಾಯಿಗೆ ಶಸ್ತ್ರಚಿಕಿತ್ಸೆ ಮುಗಿದಿರುತ್ತದೆ, ನಾಡಿದ್ದು ಡಿಸ್ಚಾರ್ಜ್ ಎಂದು ವೈದ್ಯರು ಹೇಳಿರುತ್ತಾರೆ, ಮನೆ ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿರುತ್ತದೆ, ಮಕ್ಕಳಲ್ಲಿ ಒಬ್ಬರು ವಿದೇಶದಲ್ಲಿರುತ್ತಾರೆ, ಇನ್ನೊಬ್ಬರ ರಜೆ ಮುಗಿಯುತ್ತಾ ಬಂದಿರುತ್ತದೆ. ಆ ಎರಡು ದಿನಗಳ ಗಡಿಬಿಡಿಯಲ್ಲಿ ಯಾರೋ ಕೊಟ್ಟ ನಂಬರಿಗೆ ಕರೆ ಮಾಡಿ, ಸಿಕ್ಕಿದ ಜಾಗಕ್ಕೆ ಮುಂಗಡ ಕಟ್ಟಿಬಿಡುತ್ತಾರೆ. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ಕಳೆದುಕೊಂಡಿದ್ದ ನಮ್ಮ ತಂದೆಯ ವಿಷಯದಲ್ಲಿ ನಾವೂ ಹಾಗೆಯೇ ಮಾಡಿದೆವು. ನಾಲ್ಕೇ ತಿಂಗಳಲ್ಲಿ ಅವರನ್ನು ಬೇರೆ ಕಡೆಗೆ ಕರೆದೊಯ್ಯಬೇಕಾಯಿತು. ಆ ಅನುಭವದಿಂದ ಕಲಿತದ್ದು ಇಷ್ಟು: ಜಾಗ ಹುಡುಕುವುದು ಎರಡನೆಯ ಕೆಲಸ. ನಿಮ್ಮ ಮನೆಯ ಹಿರಿಯರಿಗೆ ದಿನದ ಯಾವ ಗಂಟೆಯಲ್ಲಿ, ಯಾವ ಕೆಲಸಕ್ಕೆ, ಎಷ್ಟು ನೆರವು ಬೇಕು ಎಂಬುದನ್ನು ಅಳೆಯುವುದು ಮೊದಲನೆಯದು. ಮುಂದಿನ ಹಂತಗಳೆಲ್ಲ ಆ ಅಳತೆಯನ್ನೇ ಅವಲಂಬಿಸಿವೆ.

ಹೆಸರುಗಳ ಗೊಂದಲ

ವೃದ್ಧಾಶ್ರಮ ಎಂದಾಗ ನಮ್ಮ ಮನಸ್ಸಿಗೆ ಬರುವುದು ದಿಕ್ಕಿಲ್ಲದವರಿಗೆ ಆಶ್ರಯ ಕೊಡುವ, ಹೆಚ್ಚಾಗಿ ದಾನದಿಂದ ನಡೆಯುವ ಜಾಗ. ಸೀನಿಯರ್ ಲಿವಿಂಗ್ ಅಥವಾ ನಿವೃತ್ತರ ಸಮುಚ್ಚಯ ಎಂಬುದು ಸ್ವಂತವಾಗಿ ಓಡಾಡಬಲ್ಲ ಹಿರಿಯರಿಗೆ ಕಟ್ಟಿದ ಮನೆಗಳ ಬಡಾವಣೆ. ಅಲ್ಲಿ ಊಟದ ಮನೆ, ಕಾವಲು, ತುರ್ತಿಗೆ ಆಂಬುಲೆನ್ಸ್ ಇರುತ್ತದೆಯೇ ಹೊರತು ಸ್ನಾನ ಮಾಡಿಸುವವರು ಇರಬೇಕೆಂದಿಲ್ಲ. ಅಸಿಸ್ಟೆಡ್ ಲಿವಿಂಗ್, ಅಂದರೆ ನೆರವಿನ ವಾಸ, ಸ್ನಾನ, ಬಟ್ಟೆ, ಮಾತ್ರೆ, ಓಡಾಟ ಮುಂತಾದ ದಿನನಿತ್ಯದ ಕೆಲಸಗಳಿಗೆ ಸಿಬ್ಬಂದಿ ಕೈಜೋಡಿಸುವ ವ್ಯವಸ್ಥೆ. ಮೂಗಿನ ನಳಿಕೆಯಲ್ಲಿ ಆಹಾರ, ಆಳವಾದ ಹುಣ್ಣುಗಳ ಡ್ರೆಸಿಂಗ್, ಆಮ್ಲಜನಕ ಇವೆಲ್ಲ ಬೇಕಾದಾಗ ಅದು ನರ್ಸಿಂಗ್ ಆರೈಕೆಯ ಹಂತ. ಮುಂದುವರಿದ ಮರೆಗುಳಿತನಕ್ಕೆ ಪ್ರತ್ಯೇಕ ತರಬೇತಿಯುಳ್ಳ ಡಿಮೆನ್ಷಿಯಾ ಕೇಂದ್ರಗಳೇ ಬೇಕು.

ಬೋರ್ಡಿನ ಮೇಲಿನ ಹೆಸರನ್ನು ಮಾತ್ರ ನಂಬಬೇಡಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಪ್ರತಿ ಜಿಲ್ಲೆಯಲ್ಲೂ ನಿರ್ಗತಿಕ ಹಿರಿಯರಿಗಾಗಿ ಕನಿಷ್ಠ 150 ಜನರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು, ಆದರೆ ಅದು ಹೆಸರೇ ಹೇಳುವಂತೆ ಮಾದರಿ. ಹೀಗಾಗಿ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಮಟ್ಟದ ಆರೈಕೆ ನಡೆಯುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಇದು: ಈ ಪಟ್ಟಿಯಲ್ಲಿರುವ ಕೆಲಸಗಳನ್ನು ಇಲ್ಲಿ ಯಾರು, ಯಾವ ಹೊತ್ತಿನಲ್ಲಿ ಮಾಡುತ್ತಾರೆ?

ಮೊದಲ ಹಂತ: ಒಂದು ಇಡೀ ದಿನವನ್ನು ಬರೆದುಕೊಳ್ಳಿ

ಆ ಪಟ್ಟಿ ತಯಾರಿಸಲು ಒಂದು ನೋಟ್‌ಬುಕ್ ಸಾಕು. ಮೂರು ದಿನ, ಬೆಳಗ್ಗೆ ಎದ್ದಾಗಿನಿಂದ ಮರುದಿನ ಏಳುವವರೆಗೆ, ರಾತ್ರಿಯನ್ನೂ ಸೇರಿಸಿ ಬರೆಯಿರಿ. ವೈದ್ಯರು 1960ರ ದಶಕದಿಂದಲೂ ಬಳಸುತ್ತಿರುವ ಕಾಟ್ಜ್ ಸೂಚ್ಯಂಕ ಆರು ಕೆಲಸಗಳನ್ನು ನೋಡುತ್ತದೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರಗಳ ಮೇಲಿನ ಹಿಡಿತ, ಊಟ. ಇವುಗಳ ಜೊತೆಗೆ ಮಾತ್ರೆ ತೆಗೆದುಕೊಳ್ಳುವುದು, ಫೋನ್ ಮಾಡುವುದು, ಹಣದ ಲೆಕ್ಕ ಇಡುವುದು ಮುಂತಾದ ಕೆಲಸಗಳನ್ನೂ ಸೇರಿಸಿಕೊಳ್ಳಿ.

ಪ್ರತಿಯೊಂದರ ಎದುರಿಗೂ ಬರೀ ‘ಆಗುತ್ತದೆ’, ‘ಆಗುವುದಿಲ್ಲ’ ಎಂದು ಬರೆದರೆ ಉಪಯೋಗವಿಲ್ಲ. ತಾನಾಗಿಯೇ ಮಾಡುತ್ತಾರೆಯೇ, ಬಾಯಿಮಾತಿನಲ್ಲಿ ನೆನಪಿಸಿದರೆ ಮಾಡುತ್ತಾರೆಯೇ, ಒಬ್ಬರು ಕೈಕೊಟ್ಟರೆ ಸಾಕೇ, ಇಬ್ಬರು ಬೇಕೇ ಎಂಬ ನಾಲ್ಕು ಮಟ್ಟಗಳಲ್ಲಿ ಗುರುತಿಸಿ. ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಬೇಕಾದ ವ್ಯಕ್ತಿಯನ್ನು, ರಾತ್ರಿ ಒಂದು ಮಹಡಿಗೆ ಒಬ್ಬರೇ ಸಹಾಯಕರಿರುವ ಜಾಗಕ್ಕೆ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಸಂಗತಿಗಳು ಯಾವ ಸೂಚ್ಯಂಕದಲ್ಲೂ ಇರುವುದಿಲ್ಲ. ನಮ್ಮ ತಂದೆ ಜೀವಮಾನವಿಡೀ ಪಂಚೆ ಉಟ್ಟವರು. ಒಂದೇ ಕೈಯಲ್ಲಿ ಪಂಚೆ ಕಟ್ಟಲಾಗುವುದಿಲ್ಲವೆಂದು ಮೊದಲ ಜಾಗದಲ್ಲಿ ಅವರಿಗೆ ಎಲಾಸ್ಟಿಕ್ ಪೈಜಾಮ ಹಾಕಿದರು. ಅವರು ಒಂದು ಮಾತೂ ಆಡಲಿಲ್ಲ, ಆದರೆ ಆವತ್ತಿನಿಂದ ಊಟದ ಹಾಲಿಗೆ ಹೋಗುವುದನ್ನು ನಿಲ್ಲಿಸಿ, ತಟ್ಟೆಯನ್ನು ಕೋಣೆಗೇ ತರಿಸಿಕೊಳ್ಳತೊಡಗಿದರು. ಮೂರು ವಾರ ನಾವು ಅದನ್ನು ಖಿನ್ನತೆ ಎಂದುಕೊಂಡೆವು. ಎರಡನೆಯ ಜಾಗದ ಸಹಾಯಕಿಯೊಬ್ಬರು ಇದನ್ನು ಗಮನಿಸಿ, ಅಂಗಡಿಯಲ್ಲಿ ಸಿಗುವ ವೆಲ್ಕ್ರೊ ಪಂಚೆಯನ್ನು ತರಿಸಿಕೊಡಿ ಎಂದರು. ಬಲಗೈಯಲ್ಲಿ ಸುತ್ತಿ, ಸೊಂಟದ ಬಳಿ ಒತ್ತಿದರೆ ಅಂಟಿಕೊಳ್ಳುವ ಪಂಚೆ. ಮರುದಿನ ಮಧ್ಯಾಹ್ನ ಅವರು ಹಾಲಿನಲ್ಲಿ ಕುಳಿತು ಊಟ ಮಾಡಿದರು. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥದಕ್ಕೊಂದು ಪುಟ ಮೀಸಲಿಡಿ: ಕುಂಕುಮ ಇಟ್ಟುಕೊಳ್ಳದೆ ಕನ್ನಡಿ ಬಿಟ್ಟು ಏಳದವರು, ಬೆಳಗಿನ ಕಾಫಿ ಆರು ಗಂಟೆಗೆ ಸಿಗದಿದ್ದರೆ ದಿನವೇ ಕೆಟ್ಟಂತಾಗುವವರು, ರಾತ್ರಿ ಸಣ್ಣ ದೀಪ ಉರಿಯದಿದ್ದರೆ ನಿದ್ದೆ ಬಾರದವರು. ನೆರವಿನ ವಾಸದ ಗುಣಮಟ್ಟ ಇಂಥ ಸಂಗತಿಗಳನ್ನು ಹೇಗೆ ನಿಭಾಯಿಸುತ್ತಾರೆ ಎಂಬುದರಲ್ಲೇ ಕಾಣುತ್ತದೆ.

ಎರಡನೆಯ ಹಂತ: ವೈದ್ಯಕೀಯ ಪರಿಶೀಲನೆ

ನೆರವು ಬೇಕಾಗಿದೆ ಎಂದು ನಮಗೆ ಅನಿಸುವುದರಲ್ಲಿ ಒಂದಷ್ಟು ಭಾಗ ಚಿಕಿತ್ಸೆಯಿಂದ ಸರಿಹೋಗುವಂಥದ್ದು. ಮೂತ್ರನಾಳದ ಸೋಂಕು ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಹಠಾತ್ ಗೊಂದಲ, ಅಸಂಬದ್ಧ ಮಾತಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಕೇಳಿಸದಿರುವುದು, ಕಣ್ಣಿನ ಪೊರೆ ಇವೆಲ್ಲ ಮರೆವಿನಂತೆ ತೋರಬಲ್ಲವು. ನಾಲ್ಕು ವೈದ್ಯರು ಬರೆದ ಹತ್ತು-ಹನ್ನೆರಡು ಮಾತ್ರೆಗಳು ಒಟ್ಟಿಗೆ ಸೇರಿ ತಲೆಸುತ್ತು ತರಿಸುವುದಂತೂ ಬಹಳ ಸಾಮಾನ್ಯ. ಆದ್ದರಿಂದ ಎಲ್ಲ ಔಷಧಿ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹಿರಿಯರ ತಜ್ಞರನ್ನು, ಅಂದರೆ ಜೀರಿಯಾಟ್ರಿಶಿಯನ್ ಅವರನ್ನು, ಅಥವಾ ಅನುಭವಿ ಫಿಸಿಶಿಯನ್ನರನ್ನು ಕಾಣಿರಿ. ಮರೆವು ಅಥವಾ ವರ್ತನೆಯ ಬದಲಾವಣೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕೀಯ ಸೇವೆ ಇದೆ. ವೈದ್ಯರು ಬರೆದುಕೊಟ್ಟ ಒಂದು ಪುಟದ ಸಾರಾಂಶವನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡರೆ ಮುಂದಿನ ಮಾತುಕತೆಗಳಿಗೆಲ್ಲ ಅದೇ ಆಧಾರ.

ಮೂರನೆಯ ಹಂತ: ಹಿರಿಯರ ಜೊತೆ ಮಾತು

ಎರಡು ದಿನ ಚಿಕಿತ್ಸೆಗೆ ಎಂದು ಸುಳ್ಳು ಹೇಳಿ ಕರೆದೊಯ್ಯುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿನ ಸಿಬ್ಬಂದಿಯೇ ತನಗೆ ಮೋಸ ಮಾಡಿದರು ಎಂಬ ಭಾವನೆ ಹಿರಿಯರಲ್ಲಿ ಬೇರೂರಿದರೆ, ಅದೇ ಸಿಬ್ಬಂದಿಯ ಕೈಯಿಂದ ಸ್ನಾನ ಮಾಡಿಸಿಕೊಳ್ಳಲು ಅವರು ಹೇಗೆ ಒಪ್ಪುತ್ತಾರೆ? ಒಬ್ಬರ ಬಳಿ ಒಬ್ಬರೇ ಕುಳಿತು, ಮನೆಯಲ್ಲಿ ಏನು ಆಗುತ್ತಿಲ್ಲ ಎಂಬುದನ್ನು ಇದ್ದಹಾಗೆ ಹೇಳಿ, ಹದಿನೈದು ದಿನ ಅಥವಾ ಒಂದು ತಿಂಗಳು ಇದ್ದು ನೋಡುವ ಅವಕಾಶವನ್ನು ಅವರ ಮುಂದಿಡಿ. ಅಲ್ಪಾವಧಿಯ ವಾಸಕ್ಕೆ ಅನೇಕ ಸಂಸ್ಥೆಗಳು ಒಪ್ಪುತ್ತವೆ. ಬೇಡ ಎಂದರೆ ಬೇಡದಿರುವ ಕಾರಣವನ್ನು ಕೇಳಿ. ಎಷ್ಟೋ ಸಲ ಆ ಕಾರಣ ಊಟ, ದೇವರ ಪೂಜೆ ಅಥವಾ ಅಪರಿಚಿತರ ಜೊತೆ ಕೋಣೆ ಹಂಚಿಕೊಳ್ಳುವ ಅಂಜಿಕೆ ಆಗಿರುತ್ತದೆ, ಮತ್ತು ಅದಕ್ಕೆ ದಾರಿ ಇರುತ್ತದೆ. ಹಗಲಿನ ಹೊತ್ತಿನ ನೆರವಷ್ಟೇ ಸಾಕಾಗುವಂತಿದ್ದರೆ ಡೇ ಕೇರ್ ಕೇಂದ್ರ ಮತ್ತು ಮನೆಗೆ ಬರುವ ಸಹಾಯಕರು ಸೇರಿ ಇನ್ನೊಂದೆರಡು ವರ್ಷ ಮನೆಯಲ್ಲೇ ಸುಧಾರಿಸಬಹುದು. ನೋಟ್‌ಬುಕ್ ಹಾಗೆ ಹೇಳಿದರೆ ಅದನ್ನೇ ಆರಿಸಿಕೊಳ್ಳಿ.

ನಾಲ್ಕನೆಯ ಹಂತ: ಜಾಗವನ್ನು ಎರಡು ಬಾರಿ ನೋಡುವುದು

ಮೊದಲ ಭೇಟಿಯನ್ನು ಸಮಯ ಗೊತ್ತುಮಾಡಿಕೊಂಡು ಹಗಲಿನಲ್ಲಿ ಮಾಡಿ. ಎರಡನೆಯದನ್ನು ಸಂಜೆ ಆರರ ನಂತರ, ಮುಂಚಿತವಾಗಿ ತಿಳಿಸದೆ ಮಾಡಿ. ಮರೆಗುಳಿತನ ಇರುವವರಿಗೆ ತಳಮಳ ಹೆಚ್ಚಾಗುವುದು ಸೂರ್ಯ ಮುಳುಗುವ ಹೊತ್ತಿನಲ್ಲಿ. ಸಿಬ್ಬಂದಿಯ ಪಾಳಿ ಬದಲಾಗುವುದೂ ಹೆಚ್ಚುಕಡಿಮೆ ಆಗಲೇ. ಆ ಹೊತ್ತಿನಲ್ಲಿ ಒಂದು ಜಾಗ ಹೇಗಿರುತ್ತದೆ ಎಂಬುದು ಸ್ವಾಗತಕೊಠಡಿಯ ಹೂದಾನಿಗಿಂತ ಹೆಚ್ಚು ಹೇಳುತ್ತದೆ.

ಬಚ್ಚಲುಮನೆಯಿಂದ ಶುರುಮಾಡಿ. ನೆಲ ಒದ್ದೆಯಿದ್ದಾಗಲೂ ಜಾರುವುದಿಲ್ಲವೇ, ಕಮೋಡಿನ ಪಕ್ಕ ಮತ್ತು ಷವರಿನ ಬಳಿ ಹಿಡಿಕೆಗಳಿವೆಯೇ, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ನೋಡಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಬಾಗಿಲು ಸುಮಾರು 90 ಸೆಂಟಿಮೀಟರ್ ಅಗಲ ಇರಬೇಕು. ಒಂದು ಅಳತೆ ಟೇಪು ಜೇಬಿನಲ್ಲಿರಲಿ. ಹಾಸಿಗೆಯ ಪಕ್ಕದ ಕರೆಗಂಟೆಯನ್ನು ನೀವೇ ಒತ್ತಿ, ಯಾರಾದರೂ ಬರುವವರೆಗೆ ಗಡಿಯಾರ ನೋಡುತ್ತ ಕುಳಿತುಕೊಳ್ಳಿ. ಅನುಮತಿ ಕೇಳಿ ಮಾಡಿದರೆ ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಕೇಳಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ರಾತ್ರಿಯದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಷ್ಟು ನಿವಾಸಿಗಳಿಗೆ ಎಷ್ಟು ಸಹಾಯಕರು ಎಚ್ಚರವಾಗಿರುತ್ತಾರೆ? ತರಬೇತಿ ಪಡೆದ ನರ್ಸ್ ಕಟ್ಟಡದಲ್ಲೇ ಇರುತ್ತಾರೆಯೇ, ಇಲ್ಲವೇ ಫೋನಿನಲ್ಲಿ ಸಿಗುತ್ತಾರೆಯೇ? ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ, ಯಾರು ಜೊತೆಗೆ ಹೋಗುತ್ತಾರೆ? ಮಾತ್ರೆ ಕೊಟ್ಟ ದಾಖಲೆಯ ಹಾಳೆಯನ್ನು, ನಿವಾಸಿಯ ಹೆಸರನ್ನು ಮುಚ್ಚಿ, ತೋರಿಸಿ ಎಂದು ಕೇಳಿ; ಇಡೀ ವಾರದ ಸಹಿಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಟ್ಟಿಗೆ ಹಾಕಿದಂತೆ ಕಂಡರೆ ಜಾಗ್ರತೆ ವಹಿಸಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಾಸಿಗೆಹುಣ್ಣು ತಡೆಯಲು ಸಾಮಾನ್ಯವಾಗಿ ಪಾಲಿಸುವ ಕ್ರಮ. ಅದಕ್ಕೂ ದಾಖಲೆ ಇದೆಯೇ ಎಂದು ವಿಚಾರಿಸಿ. ತಳಮಳಗೊಂಡವರನ್ನು ಕುರ್ಚಿಗೆ ಕಟ್ಟುತ್ತಾರೆಯೇ, ನಿದ್ದೆಮಾತ್ರೆ ಕೊಡುತ್ತಾರೆಯೇ, ಅಥವಾ ಬೇರೆ ಉಪಾಯ ಬಳಸುತ್ತಾರೆಯೇ ಎಂದು ನೇರವಾಗಿಯೇ ಕೇಳಬೇಕು.

ಭಾಷೆಯ ವಿಷಯವನ್ನು ಬಹಳಷ್ಟು ಜನ ಕೇಳುವುದೇ ಇಲ್ಲ, ನಾವೂ ಕೇಳಿರಲಿಲ್ಲ. ಬೆಂಗಳೂರಿನ ಆರೈಕೆ ಕೇಂದ್ರಗಳಲ್ಲಿ ದುಡಿಯುವವರಲ್ಲಿ ಅನೇಕರು ಒಡಿಶಾ, ಅಸ್ಸಾಂ, ಜಾರ್ಖಂಡ್, ಕೇರಳದಿಂದ ಬಂದವರು. ಮನೆಮಠ ಬಿಟ್ಟು ಬಂದು ಬಹಳ ಕಷ್ಟದ ಕೆಲಸವನ್ನು ಪ್ರೀತಿಯಿಂದ ಮಾಡುವವರೇ ಹೆಚ್ಚು. ಆದರೆ ಮರೆವು ಹೆಚ್ಚಿದಂತೆ ಹಿರಿಯರು ನಂತರ ಕಲಿತ ಭಾಷೆಗಳನ್ನು ಕಳೆದುಕೊಂಡು ಬಾಲ್ಯದ ಮಾತಿಗೆ ಮರಳುವುದುಂಟು. ನಮ್ಮ ತಂದೆ ಹಾಸನದ ಕಡೆಯವರು. ಒಂದು ರಾತ್ರಿ ಅವರು ಸಹಾಯಕನನ್ನು ಕರೆದು ‘ಕಾಲ್ಮಡೀಬೇಕು’ ಎಂದರು. ಮೂತ್ರ ಮಾಡಬೇಕು ಎಂಬುದಕ್ಕೆ ಆ ಕಡೆಯ ಹಳಬರು ಆಡುವ ಮರ್ಯಾದೆಯ ಮಾತು ಅದು. ಕಾಲು ಎಂಬ ಪದವಷ್ಟೇ ಗೊತ್ತಿದ್ದ ಹುಡುಗ, ಕಾಲು ನೋಯುತ್ತಿರಬೇಕೆಂದು ಹಾಸಿಗೆಯ ಬಳಿ ಕುಳಿತು ಅವರ ಕಾಲು ಒತ್ತಿದ. ಅವರು ಮತ್ತೆ ಅದನ್ನೇ ಹೇಳಿದರು, ಅವನು ಇನ್ನಷ್ಟು ಒತ್ತಿದ. ಅವನು ಆಚೆ ಹೋದ ಮೇಲೆ ತಂದೆ ತಾವೇ ಎದ್ದರು, ಬಿದ್ದರು. ಆ ಹುಡುಗನದು ಏನೂ ತಪ್ಪಿರಲಿಲ್ಲ. ಆ ಪದವನ್ನು ಅವನಿಗೆ ಮೊದಲೇ ಹೇಳಿಕೊಡದ ನಾವು ಮತ್ತು ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರನ್ನಾದರೂ ಇರಿಸದ ಆ ಸಂಸ್ಥೆ ಹೊಣೆ ಹೊರಬೇಕಾದವರು.

ಹಾಗಾಗಿ ಪ್ರತಿ ಪಾಳಿಯಲ್ಲೂ ಕನ್ನಡ, ಅಥವಾ ನಿಮ್ಮ ಮನೆಯ ಭಾಷೆ ತುಳುವೋ ಕೊಂಕಣಿಯೋ ಉರ್ದುವೋ ಆಗಿದ್ದರೆ ಅದನ್ನು, ಬಲ್ಲವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿ. ಜೊತೆಗೆ ಹಿರಿಯರು ಹಸಿವು, ನೀರಡಿಕೆ, ಮೂತ್ರ, ನೋವು, ಚಳಿ, ಭಯ ಇವುಗಳಿಗೆ ಬಳಸುವ ಅವರದೇ ಪದಗಳನ್ನು ಬರೆದು, ಅವುಗಳ ಅರ್ಥವನ್ನು ಸಿಬ್ಬಂದಿ ಓದಬಲ್ಲ ಲಿಪಿಯಲ್ಲಿ ಪಕ್ಕದಲ್ಲೇ ಬರೆದು, ಹಾಸಿಗೆಯ ಗೋಡೆಗೆ ಅಂಟಿಸಿ. ಹದಿನೈದು ಪದಗಳ ಒಂದು ಹಾಳೆ ಸಾಕು.

ಅಡುಗೆಮನೆಯನ್ನೂ ಒಮ್ಮೆ ನೋಡಿ. ಮುದ್ದೆ ಉಂಡು ಬೆಳೆದವರಿಗೆ ಮುದ್ದೆ, ಹಲ್ಲಿಲ್ಲದವರಿಗೆ ಮೆತ್ತನೆಯ ಅನ್ನ ಸಾರು, ಸಕ್ಕರೆ ಕಾಯಿಲೆಯವರಿಗೆ ಬೇರೆ ಅಳತೆ ಸಿಗುತ್ತದೆಯೇ ತಿಳಿದುಕೊಳ್ಳಿ. ಸಾಧ್ಯವಾದರೆ ಅಲ್ಲಿಯೇ ಒಂದು ಊಟ ಮಾಡಿ.

ಐದನೆಯ ಹಂತ: ಹಣ ಮತ್ತು ಕರಾರು

ತಿಂಗಳ ದರ ಎಂದು ಹೇಳುವ ಮೊತ್ತದಲ್ಲಿ ಸಾಮಾನ್ಯವಾಗಿ ಕೋಣೆ, ಊಟ ಮತ್ತು ಒಂದು ಮಟ್ಟದ ಆರೈಕೆ ಸೇರಿರುತ್ತದೆ. ಡಯಪರ್, ಔಷಧಿ, ಫಿಸಿಯೋಥೆರಪಿ, ವೈದ್ಯರ ವಿಶೇಷ ಭೇಟಿ, ಆಸ್ಪತ್ರೆಗೆ ಜೊತೆಗಾರರು, ಒಬ್ಬರಿಗೇ ಮೀಸಲಾದ ಸಹಾಯಕರು ಇವೆಲ್ಲ ಪ್ರತ್ಯೇಕ ಬಿಲ್ ಆಗುವುದು ವಾಡಿಕೆ. ನಿಮ್ಮ ನೋಟ್‌ಬುಕ್ ತೋರಿಸಿ, ಈ ವ್ಯಕ್ತಿಗೆ ಕಳೆದ ತಿಂಗಳು ಇಲ್ಲಿ ಆಗಬಹುದಾಗಿದ್ದ ಒಟ್ಟು ಬಿಲ್ ಎಷ್ಟು ಎಂದು ಬರಹದಲ್ಲಿ ಕೇಳಿ.

ಕರಾರಿನಲ್ಲಿ ನಾಲ್ಕು ಅಂಶಗಳನ್ನು ಬೆರಳಿಟ್ಟು ಓದಿ. ಆರೈಕೆಯ ಮಟ್ಟ ಏರಿದರೆ ದರವನ್ನು ಯಾರು, ಯಾವ ಅಳತೆಯ ಮೇಲೆ ನಿರ್ಧರಿಸುತ್ತಾರೆ? ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಪೂರ್ಣ ಶುಲ್ಕವೇ? ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ನಿಧನದ ಸಂದರ್ಭದಲ್ಲಿ ಯಾರಿಗೆ ಮರಳುತ್ತದೆ? ಸಂಸ್ಥೆಯೇ ನಿವಾಸಿಯನ್ನು ಬಿಡುಗಡೆ ಮಾಡಬಯಸಿದರೆ ಎಷ್ಟು ದಿನದ ನೋಟಿಸ್ ಕೊಡಬೇಕು? ಕೊನೆಯದು ಬಹಳ ಮುಖ್ಯ, ಏಕೆಂದರೆ ಆರೈಕೆ ಕಠಿಣವಾದಾಗಲೇ, ಅಂದರೆ ಕುಟುಂಬ ಅತ್ಯಂತ ಅಸಹಾಯಕವಾಗಿರುವಾಗಲೇ, ಈ ಮಾತು ಬರುತ್ತದೆ.

ಆರೋಗ್ಯ ವಿಮೆಯನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಸ್ನಾನ, ಬಟ್ಟೆ, ಓಡಾಟಕ್ಕೆ ನೆರವಾಗುವ ಪಾಲನೆಯ ಖರ್ಚು ಭಾರತದ ಆರೋಗ್ಯ ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲೇ ಇದೆ. 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆ ವಿಸ್ತರಿಸಿದ ಆಯುಷ್ಮಾನ್ ಭಾರತ್ ಸೌಲಭ್ಯವೂ ಆಸ್ಪತ್ರೆಯ ಚಿಕಿತ್ಸೆಗೆ ಸಂಬಂಧಿಸಿದ್ದೇ ಹೊರತು ಈ ತಿಂಗಳ ಶುಲ್ಕಕ್ಕಲ್ಲ.

ಖರ್ಚಿಗೆಂದು ಮನೆ ಅಥವಾ ಜಮೀನನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಯೋಚನೆ ಬಂದರೆ, ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. 2007ರ ಕಾಯಿದೆಯ 23ನೇ ಕಲಂ ಪ್ರಕಾರ, ಆ ಷರತ್ತು ಮುರಿದರೆ ವರ್ಗಾವಣೆಯನ್ನು ಅಸಿಂಧು ಎಂದು ಘೋಷಿಸುವಂತೆ ಹಿರಿಯರು ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಷರತ್ತಿನ ಉಲ್ಲೇಖವೇ ಇಲ್ಲದ ಪತ್ರಗಳಿಂದ ಎಷ್ಟೋ ಹಿರಿಯರು ವರ್ಷಗಟ್ಟಲೆ ವ್ಯಾಜ್ಯದಲ್ಲಿ ಸಿಲುಕಿದ್ದಾರೆ.

ಆರನೆಯ ಹಂತ: ಕಾಗದಪತ್ರಗಳು

ಮಕ್ಕಳ ಹೆಸರಿಗೆ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಇದೆ ಎಂದು ನೆಮ್ಮದಿಯಿಂದ ಇರುವವರು ಒಂದು ಸಂಗತಿಯನ್ನು ಗಮನಿಸಬೇಕು: ಭಾರತದ ಕರಾರು ಕಾಯಿದೆಯ ಪ್ರಕಾರ, ಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದಾಗ ಆ ಅಧಿಕಾರ ಕೊನೆಗೊಳ್ಳುತ್ತದೆ. ಮರೆಗುಳಿತನದ ಆರಂಭದ ಹಂತದಲ್ಲೇ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವುಗಳನ್ನು ವಕೀಲರ ಸಲಹೆಯಂತೆ ಮುಗಿಸಿಕೊಳ್ಳಿ. ಕೊನೆಯ ದಿನಗಳಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅದರ ಅನುಷ್ಠಾನಕ್ಕೆ ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ಪಿಂಚಣಿದಾರರಿಗೆ ನವೆಂಬರ್ ತಿಂಗಳ ಜೀವಂತ ಪ್ರಮಾಣಪತ್ರ ಮರೆಯಬಾರದ ಕೆಲಸ. ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಈಗ ಮುಖಚಹರೆಯಿಂದಲೇ ಮೊಬೈಲ್ ಮೂಲಕ ಸಲ್ಲಿಸಬಹುದಾದ್ದರಿಂದ, ಬ್ಯಾಂಕಿಗೆ ಗಾಲಿಕುರ್ಚಿಯಲ್ಲಿ ಕರೆದೊಯ್ಯುವ ಅಗತ್ಯವಿಲ್ಲ.

ಏಳನೆಯ ಹಂತ: ಹೋಗುವ ದಿನ ಮತ್ತು ಮೊದಲ ಮೂರು ತಿಂಗಳು

ಹಿರಿಯರು ಕೋಣೆಗೆ ಕಾಲಿಡುವ ಮೊದಲೇ ಅವರ ಹಾಸುಹೊದಿಕೆ, ದೇವರ ಪಟ, ರೇಡಿಯೋ, ನೀರಿನ ಚೊಂಬು ಅಲ್ಲಿ ಇರಲಿ. ಬೆಳಗಿನ ಹೊತ್ತು ಕರೆದೊಯ್ಯಿರಿ. ಕತ್ತಲಾಗುವ ಮುನ್ನ ದಾರಿ, ಬಾಗಿಲು, ಬಚ್ಚಲು ಕಣ್ಣಿಗೆ ಪರಿಚಯವಾಗುತ್ತವೆ. ಜಾಗ ಬದಲಾದ ಮೊದಲ ಎರಡು ಮೂರು ವಾರ ಗೊಂದಲ, ನಿದ್ದೆಗೇಡು, ಅಳು ಹೆಚ್ಚುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಆರನೇ ದಿನಕ್ಕೇ ವಾಪಸು ಕರೆತರಬೇಡಿ. ಆದರೆ ದಿನವಿಡೀ ಮಂಪರಿನಲ್ಲಿದ್ದರೆ ಮಾತ್ರ ಸಹಜವೆಂದು ಬಿಡದೆ ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ ಎಂದು ಅಂದೇ ವಿಚಾರಿಸಿ.

ಭೇಟಿಗೆ ಹೋದಾಗ ಬೇರೆ ಬೇರೆ ಹೊತ್ತುಗಳಲ್ಲಿ ಹೋಗಿ. ಹಿಮ್ಮಡಿ, ಸೊಂಟದ ಹಿಂಭಾಗ, ಮೊಣಕೈ ಕೆಂಪಾಗಿವೆಯೇ ಎಂದು ಮೃದುವಾಗಿ ನೋಡಿ. ಹಾಸಿಗೆಹುಣ್ಣು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ತುಟಿ ಒಣಗಿದೆಯೇ, ಉಗುರು ಬೆಳೆದಿದೆಯೇ, ಶ್ರವಣಯಂತ್ರದ ಬ್ಯಾಟರಿ ಸತ್ತಿದೆಯೇ ಗಮನಿಸಿ. ತಿಂಗಳಿಗೊಮ್ಮೆ ತೂಕ ಬರೆಸಿ. ಊಟ ಚೆನ್ನಾಗಿ ಮಾಡುತ್ತಾರೆ ಎಂಬ ಮಾತು ಮತ್ತು ತೂಕದ ಅಂಕಿ ಒಂದಕ್ಕೊಂದು ಹೊಂದದಿದ್ದರೆ ಅಂಕಿಯನ್ನೇ ನಂಬಿ. ವಿದೇಶದಲ್ಲಿರುವ ಮಕ್ಕಳು ದಿನವೂ ಒಂದೇ ಹೊತ್ತಿಗೆ ವಿಡಿಯೋ ಕರೆ ಮಾಡಿದರೆ ಹಿರಿಯರ ದಿನಕ್ಕೆ ಒಂದು ಗೂಟ ಸಿಕ್ಕಂತಾಗುತ್ತದೆ. ಆದರೆ ಹಿಮ್ಮಡಿ ನೋಡಲು ಊರಿನಲ್ಲಿರುವ ಒಬ್ಬರು ಬೇಕೇ ಬೇಕು, ಅವರ ಹೆಸರನ್ನು ಕರಾರಿನಲ್ಲೇ ಬರೆಸಿಡಿ.

ಕೊರತೆ ಕಂಡರೆ ಮೊದಲು ಮೇಲ್ವಿಚಾರಕರಿಗೆ ದಿನಾಂಕ ಸಹಿತ ಬರಹದಲ್ಲಿ ತಿಳಿಸಿ, ಎಷ್ಟು ದಿನದಲ್ಲಿ ಸರಿಪಡಿಸುತ್ತಾರೆ ಎಂದು ಕೇಳಿ. ನಿರ್ಲಕ್ಷ್ಯ ಅಥವಾ ದೌರ್ಜನ್ಯದ ಅನುಮಾನವಿದ್ದರೆ ದೇಶಾದ್ಯಂತ ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಿಂದ ನಡೆಸುತ್ತಿರುವ 1090 ಸಹಾಯವಾಣಿಯೂ ಇದೆ. ಆರು ತಿಂಗಳಿಗೊಮ್ಮೆ ಹಳೆಯ ನೋಟ್‌ಬುಕ್ ತೆಗೆದು, ಅದೇ ಆರು ಕೆಲಸಗಳನ್ನು ಅದೇ ನಾಲ್ಕು ಮಟ್ಟಗಳಲ್ಲಿ ಮತ್ತೆ ಬರೆಯಿರಿ. ಎರಡು ಕೆಲಸಗಳಲ್ಲಿ ಮಟ್ಟ ಇಳಿದಿದ್ದರೆ ಆರೈಕೆಯ ಯೋಜನೆಯನ್ನು ಬದಲಿಸಬೇಕಾಗುತ್ತದೆ. ಆ ಪುಟದ ಒಂದು ಪ್ರತಿಯನ್ನು ಮೇಲ್ವಿಚಾರಕರಿಗೂ ಇನ್ನೊಂದನ್ನು ವೈದ್ಯರಿಗೂ ಕೊಟ್ಟು, ಹಿರಿಯರನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಮಾತನಾಡಿ.